ತುಂಬೆ ಗಿಡ ಪಾಟಿನಲ್ಲಿ ಯಾಕೆ ಉಳಿಯುತ್ತಿಲ್ಲ?

ಪ್ರಶ್ನೆ: ನಾವಿರುವುದು ಜೆ.ಪಿ. ನಗರದಲ್ಲಿ. ಮೂರನೇ ಮಹಡಿ, ತಾರಸಿ ನಮ್ಮದೇ. ನಮ್ಮತ್ತೆ ಮಾಗಡಿ ಕಡೆಯವರು. ಶಿವರಾತ್ರಿಗೆ ಮನೆಯಲ್ಲೇ ಬೆಳೆದ ತುಂಬೆ ಹೂ ಬೇಕು ಅಂತ ಅವರಿಗೆ ಆಸೆ. ಕನಕಪುರ ರಸ್ತೆಯ ಒಂದು ಖಾಲಿ ಸೈಟಿನಿಂದ ಹೂ ಬಿಟ್ಟಿದ್ದ ಗಿಡವನ್ನೇ ಬೇರು ಸಮೇತ ಕಿತ್ತು ತಂದು ದೊಡ್ಡ ಪಾಟಿಗೆ ಹಾಕಿದೆ. ನಾಲ್ಕು ದಿನಕ್ಕೆ ಒಣಗಿತು. ಆಮೇಲೆ ಬೀಜ ತಂದು ಮಾರ್ಚ್‌ನಲ್ಲಿ ಕೋಕೋಪೀಟ್ ಮತ್ತು ವರ್ಮಿಕಾಂಪೋಸ್ಟ್ ಬೆರೆಸಿ ಅರ್ಧ ಇಂಚು ಆಳಕ್ಕೆ ಹಾಕಿದೆ, ದಿನಕ್ಕೆ ಎರಡು ಹೊತ್ತು ನೀರು. ಬಂದಿದ್ದು ಎರಡೇ ಗಿಡ. ಅವೂ ಉದ್ದಕ್ಕೆ ಬೆಳೆದು ಬಾಗಿದವು, ಸ್ವಲ್ಪ ಹೂ ಬಿಟ್ಟು ಒಣಗಿದವು, ಕಿತ್ತು ಎಸೆದೆ. ರಸ್ತೆ ಬದಿಯಲ್ಲಿ ಯಾರೂ ನೋಡಿಕೊಳ್ಳದೆ ಬೆಳೆಯುವ ಗಿಡ ನನ್ನ ಕೈಯಲ್ಲಿ ಯಾಕೆ ಉಳಿಯುತ್ತಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಜಾರಾಗಿದ್ದು ಕೊನೆಯ ಮಾತಿಗೆ ಸ್ವಲ್ಪ ಮುಂಚಿನ ಎರಡು ಪದ ಓದಿ. ‘ಕಿತ್ತು ಎಸೆದೆ’ ಅಂದಿದ್ದೀರಿ. ಆ ಎರಡು ಗಿಡ ನೀವು ನೋಡಿಕೊಳ್ಳದೆ ಸತ್ತಿದ್ದಲ್ಲ. ಅವುಗಳ ಆಯಸ್ಸೇ ಅಷ್ಟು. ತುಂಬೆ ಒಂದು ವರ್ಷದೊಳಗೆ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟಿ ಮುಗಿದುಹೋಗುವ ಗಿಡ. ಒಣಗಿದ ಆ ಕಡ್ಡಿಯಲ್ಲಿ, ಎಲೆಯ ಬುಡದ ಕಂದು ಗುಂಡುಗಳ ಒಳಗೆ, ಮುಂದಿನ ಮಳೆಗೆ ಬೇಕಾದ ಗಿಡಗಳೆಲ್ಲ ಇದ್ದವು. ಅದನ್ನು ಹಾಗೇ ಪಾಟಿನ ಮೇಲೆ ಬಗ್ಗಿಸಿ ಬಿಟ್ಟಿದ್ದರೆ ಸಾಕಿತ್ತು.

ನನಗೂ ಇದು ಗೊತ್ತಾಗಿದ್ದು ಹೀಗೇ. ಮೊದಲ ವರ್ಷ ಒಣಗಿದ ತುಂಬೆ ಪಾಟನ್ನು ತಾರಸಿಯ ಮೂಲೆಯಲ್ಲಿದ್ದ ಹಳೆ ಮಣ್ಣಿನ ರಾಶಿಗೆ ಬೋರಲು ಹಾಕಿ, ಆ ಪಾಟಿಗೆ ಬೇರೆ ಗಿಡ ನೆಟ್ಟಿದ್ದೆ. ಮೇ ತಿಂಗಳ ಕೊನೆಗೆ ಎರಡು ದಿನ ಜೋರು ಮಳೆ ಬಂತು. ಆಮೇಲೆ ಒಂದು ವಾರಕ್ಕೆ ನೋಡುತ್ತೇನೆ, ಆ ರಾಶಿಯ ತುಂಬಾ ಹಸಿರು ಸಸಿ. ನಾನು ಜೋಪಾನ ಮಾಡಿ ಬೀಜ ಹಾಕಿದ್ದ ಟ್ರೇಯಲ್ಲಿ ಏಳು, ಏನೂ ಮಾಡದ ಮಣ್ಣಿನ ರಾಶಿಯಲ್ಲಿ ಎಣಿಸಲಾಗದಷ್ಟು. ಅವತ್ತಿನಿಂದ ನಾನು ತುಂಬೆ ಗಿಡವನ್ನು ಕಾಪಾಡಲು ಹೋಗಿಲ್ಲ, ತುಂಬೆ ಬೀಜ ಬಿದ್ದ ಮಣ್ಣನ್ನು ಕಾಪಾಡುತ್ತೇನೆ. ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದೊಂದೇ. ಉಳಿದಿದ್ದೆಲ್ಲ ಇದರ ವಿವರ.

ಮೊದಲು ಆ ಖಾಲಿ ಸೈಟಿನ ಗಿಡದ ವಿಷಯ. ತುಂಬೆಗೆ ನೇರ ಇಳಿಯುವ ತಾಯಿಬೇರು ಇರುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಮಳೆ ನಿಂತ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಎಳೆದರೆ ಬೇರಿನ ತುದಿ ಮತ್ತು ನೀರು ಕುಡಿಯುವ ಸಣ್ಣ ಬೇರುಗಳು ಅಲ್ಲೇ ಉಳಿಯುತ್ತವೆ. ಮೇಲೆ ಮಾತ್ರ ಅಷ್ಟೂ ಎಲೆ, ಅಷ್ಟೂ ಹೂ. ಕುಡಿಯಲು ಬೇರಿಲ್ಲ, ಎಲೆಗೆ ನೀರು ಬೇಕೇ ಬೇಕು. ಜೊತೆಗೆ, ಹೂ ಬಿಡುವ ಹೊತ್ತಿಗೆ ಇಂಥ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ತಿರುಗಿಸಿರುತ್ತದೆ, ಹೊಸ ಬೇರು ಬಿಡುವ ಉತ್ಸಾಹ ಅದಕ್ಕೆ ಉಳಿದಿರುವುದಿಲ್ಲ. ದಾಸವಾಳ, ಕಣಗಿಲೆ ಹಾಗಲ್ಲ, ಅವು ವರ್ಷಾನುಗಟ್ಟಲೆ ಬದುಕುವ ಗಿಡಗಳು, ಏಟು ತಿಂದರೂ ಚೇತರಿಸಿಕೊಳ್ಳುತ್ತವೆ. ತುಂಬೆಯನ್ನು ತರಲೇಬೇಕೆಂದರೆ ನಾಲ್ಕೇ ಎಲೆ ಇರುವ ಸಸಿಯನ್ನು, ಮಳೆ ಬಂದ ಮರುದಿನ, ಸುತ್ತಲಿನ ಮಣ್ಣಿನ ಹೆಂಟೆ ಸಮೇತ ಸಂಜೆ ಹೊತ್ತು ತನ್ನಿ. ನನ್ನನ್ನು ಕೇಳಿದರೆ ಅದೂ ಬೇಡ. ಬೀಜ ತರುವುದು ಸುಲಭ, ಅಲ್ಲಿನ ಗಿಡವೂ ಅಲ್ಲೇ ಉಳಿಯುತ್ತದೆ.

ಬೀಜ ತರುವಾಗ ಗಿಡ ತುಂಬೆಯೇ ಹೌದಾ ಅಂತ ನೋಡಿಕೊಳ್ಳಿ. ಖಾಲಿ ಸೈಟಿನಲ್ಲಿ ಬಿಳಿ ಹೂವೆಲ್ಲ ತುಂಬೆ ಅಲ್ಲ, ಬಹುಪಾಲು ಪಾರ್ಥೇನಿಯಂ ಇರುತ್ತದೆ, ನಮ್ಮ ಕಡೆ ಕಾಂಗ್ರೆಸ್ ಗಿಡ ಅನ್ನುತ್ತಾರಲ್ಲ, ಅದು. ಅದು ಅಮೆರಿಕ ಖಂಡದಿಂದ ಬಂದಿದ್ದು, ಎಲೆ ಸೀಳು ಸೀಳು, ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆಯುತ್ತದೆ. ತುಂಬೆಯ ಕಾಂಡವನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ, ಚೌಕವಾಗಿರುತ್ತದೆ. ತುಳಸಿಯ ಕಾಂಡದ ಹಾಗೆ. ಎರಡೂ ಒಂದೇ ಕುಟುಂಬದವು. ಎಲೆ ಕಿರಿದು, ಎದುರು ಬದುರು ಜೋಡಿಯಾಗಿ ಬರುತ್ತದೆ, ಮುಟ್ಟಿದರೆ ಒರಟು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲ್ಯೂಕಸ್ ಆಸ್ಪೆರಾ ಅಂತ ಹೆಸರು. ಗ್ರೀಕ್‌ನಲ್ಲಿ ಲ್ಯೂಕೋಸ್ ಅಂದರೆ ಬಿಳಿ, ಲ್ಯಾಟಿನ್‌ನಲ್ಲಿ ಆಸ್ಪೆರ್ ಅಂದರೆ ಒರಟು. ಹೂವನ್ನೂ ಎಲೆಯನ್ನೂ ನೋಡಿ ಇಟ್ಟ ಹೆಸರು. ಹೂಗಳು ಕಾಂಡದ ಸುತ್ತ ಗುಂಡಗೆ ಚೆಂಡು ಕಟ್ಟಿದ ಹಾಗೆ ಕೂತಿರುತ್ತವೆ. ಮೇಲಿನ ತುಟಿ ಚಿಕ್ಕದು, ಬಿಳಿ ರೋಮದ ಟೊಪ್ಪಿಯ ಹಾಗೆ. ಕೆಳಗಿನದು ಅಗಲ.

ಹೂವಿನ ಚೆಂಡು ಹುಲ್ಲಿನ ಬಣ್ಣಕ್ಕೆ ತಿರುಗಿ ಗರಿಗರಿಯಾದಾಗ ಬೀಜ ಬಲಿತಿದೆ ಅಂತ ಅರ್ಥ. ಒಂದೊಂದು ಪುಷ್ಪಪಾತ್ರೆಯೂ, ಅಂದರೆ ಹೂವನ್ನು ಬುಡದಲ್ಲಿ ಹಿಡಿದಿರುವ ಬಟ್ಟಲು, ಪುಟ್ಟ ಕೊಳವೆಯ ಹಾಗಿರುತ್ತದೆ, ಅದರ ತಳದಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಕಂದು ಬಣ್ಣ, ನುಣುಪು, ಜೀರಿಗೆಯ ಅರ್ಧದಷ್ಟು ಉದ್ದ. ಕಡ್ಡಿಯನ್ನು ಕತ್ತರಿಸಿ ನ್ಯೂಸ್‌ಪೇಪರ್ ಮೇಲೆ ತಲೆಕೆಳಗು ಮಾಡಿ ಬಡಿದರೆ ಉದುರುತ್ತವೆ. ಒಂದು ಜಾಗದಲ್ಲಿ ಮೂರು ಗಿಡ ಇದ್ದರೆ ಒಂದರಿಂದ ಮಾತ್ರ ತೆಗೆದುಕೊಳ್ಳಿ. ಪಾರ್ಕು, ಕಾಡಿನ ಜಾಗದಿಂದ ಬೇಡ. ಬೆಂಗಳೂರಿನ ಹೊರವಲಯದಲ್ಲಿ ರಾಗಿ ಹೊಲದ ಬದು, ಕೆರೆ ಏರಿ, ಮನೆ ಕಟ್ಟದ ಸೈಟು, ಇಲ್ಲೆಲ್ಲ ನವೆಂಬರ್, ಡಿಸೆಂಬರ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಕಾಗದದ ಕವರಿನಲ್ಲಿ ಹಾಕಿ, ಮೇಲೆ ತಿಂಗಳು ಬರೆದಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಹಿಡಿದು ಬೂಷ್ಟು ಬರುತ್ತದೆ.

ಇಲ್ಲೊಂದು ಮಾತು. ಆನ್‌ಲೈನ್‌ನಲ್ಲಿ ‘ವೈಲ್ಡ್‌ಫ್ಲವರ್ ಮಿಕ್ಸ್’ ಅಂತ ಬಣ್ಣದ ಪ್ಯಾಕೆಟ್ ಮಾರುತ್ತಾರೆ. ಬಿಡಿಸಿ ನೋಡಿದರೆ ಮೆಕ್ಸಿಕೋದ ಕಾಸ್ಮಾಸ್, ಕ್ಯಾಲಿಫೋರ್ನಿಯಾದ ಪಾಪಿ, ಅಂಥವೇ. ಅವು ಚೆಂದವೇ ಇರಬಹುದು, ಆದರೆ ಇಲ್ಲಿನ ಕಾಡುಹೂ ಅಲ್ಲ. ನಮ್ಮ ತುಂಬೆಯ ಬೀಜವನ್ನು ಅಂಗಡಿಯಲ್ಲಿ ಹುಡುಕಿ ಸುಸ್ತಾಗಬೇಡಿ, ಅದು ನಿಮ್ಮ ಬಡಾವಣೆಯ ಯಾವುದೋ ಮೂಲೆಯಲ್ಲಿ ಬಿಟ್ಟಿ ಇದೆ.

ಮಣ್ಣು. ಇದೇ ನಿಮ್ಮ ಎರಡನೇ ಪ್ರಯತ್ನವನ್ನು ಕೆಡಿಸಿದ್ದು. ಕೋಕೋಪೀಟ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ವರ್ಮಿಕಾಂಪೋಸ್ಟ್ ಸಾರಜನಕ ಕೊಡುತ್ತಲೇ ಇರುತ್ತದೆ, ಮೇಲಿಂದ ಎರಡು ಹೊತ್ತು ನೀರು ಬೇರೆ. ಬಡ ಮಣ್ಣಿನಲ್ಲಿ ಬೆಳೆದು ಅಭ್ಯಾಸವಾದ ಗಿಡಕ್ಕೆ ದಿನಾ ಹಬ್ಬದೂಟ ಹಾಕಿದರೆ ಏನಾಗುತ್ತದೆ? ಎಲೆ ಜಾಸ್ತಿ, ಕಾಂಡ ಮೆದು, ಹೂ ಕಡಿಮೆ. ಗಾಳಿ ಬಂದರೆ ಬಾಗುತ್ತದೆ. ನೀವು ‘ಉದ್ದಕ್ಕೆ ಬೆಳೆದು ಬಾಗಿದವು’ ಅಂತ ಬರೆದಿದ್ದು ಇದೇ. ಹೊಲದ ಬದುವಿನಲ್ಲಿ ಅದೇ ಗಿಡ ಮೊಣಕಾಲಿನ ಕೆಳಗೇ ನಿಂತು, ಬುಡದಿಂದಲೇ ಕವಲೊಡೆದು, ಕವಲಿಗೆ ಮೂರು ಚೆಂಡು ಹೂ ಹೊತ್ತು ನೆಟ್ಟಗಿರುತ್ತದೆ.

ನಾನು ಹಾಕುವುದು ಮೂರು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಅಷ್ಟೇ. ಈಗ ಎಲ್ಲ ಕಡೆ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಅದನ್ನೇ ಬಳಸುವುದಾದರೆ ಒಂದು ಸಲ ನೀರಿನಲ್ಲಿ ತೊಳೆಯಿರಿ. ಅದರಲ್ಲಿರುವ ಕಲ್ಲಿನ ಹುಡಿ ಒಣಗಿದಾಗ ಗಾರೆಯ ಹಾಗೆ ಹೆಪ್ಪುಗಟ್ಟುತ್ತದೆ, ಸಣ್ಣ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದು. ಬೀಜ ಹಾಕದೆ ಉಳಿದ ಕೋಕೋಪೀಟ್ ಮಿಶ್ರಣ ಇದ್ದರೆ ಎಸೆಯಬೇಡಿ, ಸೊಪ್ಪು ತರಕಾರಿಗೆ ಆಗುತ್ತದೆ. ಪಾಟು ಆಳಕ್ಕಿಂತ ಅಗಲ ಇರಲಿ, ಎಂಟು ಇಂಚು ಆಳ ಸಾಕು. ಮೀನು, ಹಣ್ಣು ಬರುವ ಥರ್ಮಾಕೋಲ್ ಡಬ್ಬಕ್ಕೆ ತಳದಲ್ಲಿ ಹತ್ತು ತೂತು ಮಾಡಿದರೂ ನಡೆಯುತ್ತದೆ, ತಾರಸಿಗೆ ಭಾರವೂ ಆಗುವುದಿಲ್ಲ. ಜಾಗ ಮಾತ್ರ ಬಿಸಿಲಿನದ್ದೇ ಆಗಬೇಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು. ಬಾಲ್ಕನಿಯ ನೆರಳಿನಲ್ಲಿ ತುಂಬೆ ಬೆಳೆದರೂ ಮನಸ್ಸಿಟ್ಟು ಹೂ ಬಿಡುವುದಿಲ್ಲ.

ಬಿತ್ತುವ ಕಾಲದ ವಿಷಯಕ್ಕೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ಪಾಟಿನಲ್ಲಿ ಬೆಳೆಸುವವರು ಗಮನ ಕೊಡದಿರುವುದು ಇದಕ್ಕೇ. ಮಾರ್ಚ್ ಬೆಂಗಳೂರಿನಲ್ಲಿ ಒಣ ತಿಂಗಳು. ತಾರಸಿಯ ಸಿಮೆಂಟು ಕಾದು ಪಾಟಿನ ಮೇಲ್ಮಣ್ಣು ಮಧ್ಯಾಹ್ನದೊಳಗೆ ಒಣಗುತ್ತದೆ, ಅರ್ಧ ಮೊಳೆತ ಬೀಜ ಅಲ್ಲೇ ಸಾಯುತ್ತದೆ. ತುಂಬೆ ಕಾಯುವುದು ಮುಂಗಾರನ್ನು. ನಮ್ಮ ಊರಿಗೆ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಗುಡುಗಿನ ಮಳೆ, ಜೂನ್‌ನಿಂದ ಮುಂಗಾರು, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅತಿ ಹೆಚ್ಚು ಮಳೆ. ರೈತರು ರೋಹಿಣಿ ಮಳೆ, ಮೃಗಶಿರಾ ಮಳೆ ಅನ್ನುತ್ತಾರಲ್ಲ, ಮೇ ಕೊನೆ ಮತ್ತು ಜೂನ್, ಅದೇ ತುಂಬೆಗೆ ಸರಿಯಾದ ಹದ. ಆಗ ಬಿತ್ತಿದರೆ ಆಗಸ್ಟ್‌ನಿಂದ ಹೂ ನೋಡಬಹುದು, ದೀಪಾವಳಿಯವರೆಗೂ ಇರುತ್ತದೆ. ಆಗ ನಿಮ್ಮತ್ತೆಗೆ ಹೇಳಿ, ಬಲಿಪಾಡ್ಯಮಿಗೂ ಮನೆಯ ತುಂಬೆಯೇ ಆಗುತ್ತದೆ ಅಂತ. ಹಳ್ಳಿಯಲ್ಲಿ ಸಗಣಿಯ ಗುಪ್ಪೆ ಮಾಡಿ ಹುಚ್ಚೆಳ್ಳು ಹೂ, ತುಂಬೆ, ಅಣ್ಣೆ ಹೂ ಸಿಕ್ಕಿಸುತ್ತಿದ್ದದ್ದು ಅವರಿಗೆ ಖಂಡಿತ ನೆನಪಿರುತ್ತದೆ.

ಆದರೆ ನಿಮಗೆ ಬೇಕಾಗಿರುವುದು ಶಿವರಾತ್ರಿಗೆ. ಅದು ಬರುವುದು ಫೆಬ್ರವರಿ ಮಧ್ಯದಿಂದ ಮಾರ್ಚ್ ಎರಡನೇ ವಾರದ ಒಳಗೆ. ಮಳೆಗಾಲದ ಗಿಡಗಳು ಅಷ್ಟು ಹೊತ್ತಿಗೆ ಒಣಗಿರುತ್ತವೆ. ಹಾಗಾಗಿ ಎರಡನೇ ಬಿತ್ತನೆ ಬೇಕು. ನನ್ನ ತಾರಸಿಯಲ್ಲಿ ಮಳೆಗಾಲದಲ್ಲಿ ಬಿತ್ತಿದ ತುಂಬೆ ಎರಡು ತಿಂಗಳಿಗೆ ಮೊದಲ ಹೂ ಬಿಡುತ್ತದೆ. ಚಳಿಗಾಲದಲ್ಲಿ ನಿಧಾನ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ ಹದಿನೈದು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಗಿಡ ಮುದುಡಿಕೊಂಡು ಕೂರುತ್ತದೆ. ಅದಕ್ಕೆ ಹಬ್ಬದಿಂದ ಹಿಂದಕ್ಕೆ ತೊಂಬತ್ತು ದಿನ ಎಣಿಸಿ. ಹಬ್ಬ ಫೆಬ್ರವರಿ ಮಧ್ಯಕ್ಕೆ ಬಂದರೆ ನವೆಂಬರ್ ಮಧ್ಯದಲ್ಲಿ ಒಂದು ಡಬ್ಬ, ಎರಡು ವಾರ ಬಿಟ್ಟು ಇನ್ನೊಂದು ಡಬ್ಬ. ಒಂದು ಬೇಗ ಬಂದು ಮುಗಿದರೂ ಇನ್ನೊಂದು ಹಬ್ಬಕ್ಕೆ ಸಿಗುತ್ತದೆ. ಚಳಿಗಾಲದ ಬಿತ್ತನೆಗೆ ಅದೇ ವಾರ ಕಿತ್ತ ಹಸಿ ಬೀಜಕ್ಕಿಂತ ಹಿಂದಿನ ಮಳೆಗಾಲದ್ದೋ, ಹಿಂದಿನ ವರ್ಷದ್ದೋ ಒಣಬೀಜ ಹಾಕುತ್ತೇನೆ, ನನಗೆ ಅದು ಹೆಚ್ಚು ಚೆನ್ನಾಗಿ ಬಂದಿದೆ.

ಬೀಜವನ್ನು ಹೂಳಬೇಡಿ. ಅರ್ಧ ಇಂಚು ಆಳ ಅವರೆಕಾಳಿಗೆ ಸರಿ, ಇಷ್ಟು ಸಣ್ಣ ಬೀಜಕ್ಕೆ ಅದು ಬಾವಿ. ಮೊದಲು ಮಣ್ಣಿಗೆ ನೀರು ಹಾಕಿ ನೆನೆಸಿ, ಬೀಜವನ್ನು ಒಂದು ಹಿಡಿ ಒಣ ಮರಳಿನಲ್ಲಿ ಕಲಸಿ ಸಮನಾಗಿ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲೆ ಕಾಣಿಸಿಯೂ ಕಾಣಿಸದ ಹಾಗೆ ಮರಳು ಉದುರಿಸಿ. ದಟ್ಟವಾಗಿಯೇ ಚೆಲ್ಲಿ. ಕಾಡುಗಿಡದ ಬೀಜ ತರಕಾರಿ ಬೀಜದ ಹಾಗೆ ಎಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈ ಮಳೆಗೆ, ಕೆಲವು ಮುಂದಿನದಕ್ಕೆ, ಕೆಲವು ಮುಂದಿನ ವರ್ಷಕ್ಕೆ. ಮೊದಲ ಮಳೆಗೆ ಎಲ್ಲ ಮೊಳೆತು ಆಮೇಲೆ ಇಪ್ಪತ್ತು ದಿನ ಬಿಸಿಲು ಬಂದರೆ ವಂಶವೇ ಮುಗಿಯಿತಲ್ಲ, ಅದಕ್ಕೆ ಗಿಡ ಮಾಡಿಕೊಂಡ ಏರ್ಪಾಡು ಇದು. ಎರಡೇ ಬಂದವು ಅಂತ ನೀವು ಬೇಜಾರಾದ ಆ ಮಣ್ಣಿನಲ್ಲಿ ಇನ್ನೂ ಬೀಜ ಇರಬಹುದು. ಅದು ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಒಂದು ಮೂಲೆಯಲ್ಲಿ ಮಳೆಗೆ ಒಡ್ಡಿಡಿ.

ನೀರನ್ನು ಪೈಪಿನಲ್ಲಿ ಬಿಡಬೇಡಿ. ಬಾಟಲಿ ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ಸೋನೆ ಮಳೆಯ ಹಾಗೆ ಹಾಕಿ, ಮೊಳಕೆ ಬರುವ ತನಕ ಮೇಲ್ಮಣ್ಣು ಒಣಗಬಾರದು. ಸಸಿ ಎರಡು ಇಂಚು ಆದ ಮೇಲೆ ನೀರು ಕಡಿಮೆ ಮಾಡಿ, ಬೆರಳು ಒಂದು ಇಂಚು ಇಳಿಸಿ ಒಣಗಿದೆ ಅನ್ನಿಸಿದರೆ ಮಾತ್ರ ಹಾಕಿ. ಗೆಣ್ಣಿನಷ್ಟು ಸಸಿಗಳಿರುವಾಗಲೇ ಮೇಲೆ ಹಳೆ ಸೊಳ್ಳೆ ಪರದೆಯ ತುಂಡೊಂದನ್ನು ಕಟ್ಟಿ, ಇಲ್ಲದಿದ್ದರೆ ಪಾರಿವಾಳ ಬಂದು ಕೆದಕುತ್ತದೆ. ಪಾರಿವಾಳಕ್ಕಿಂತ ದೊಡ್ಡ ಅಪಾಯ ಮನುಷ್ಯರದು. ಮನೆಕೆಲಸಕ್ಕೆ ಬರುವವರು, ಅಪಾರ್ಟ್‌ಮೆಂಟಿನ ಮಾಲಿ, ನೆಂಟರು, ಯಾರಾದರೂ ಒಬ್ಬರು ‘ಪಾಟಿನ ತುಂಬಾ ಕಳೆ ಬಂದಿದೆ’ ಅಂತ ಒಳ್ಳೆ ಮನಸ್ಸಿನಿಂದಲೇ ಕಿತ್ತು ಹಾಕಿಬಿಡುತ್ತಾರೆ. ಒಂದು ಐಸ್‌ಕ್ರೀಮ್ ಕಡ್ಡಿಗೆ ‘ತುಂಬೆ, ಕೀಳಬೇಡಿ’ ಅಂತ ಬರೆದು ನೆಡಿ. ನಾನು ಇವತ್ತಿಗೂ ನೆಡುತ್ತೇನೆ.

ಸಸಿ ನಾಲ್ಕೈದು ಜೋಡಿ ಎಲೆ ಬಿಟ್ಟಾಗ ಗಿಡದಿಂದ ಗಿಡಕ್ಕೆ ಒಂದು ಗೇಣು ಬರುವ ಹಾಗೆ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆದು ಬೇರೆ ಡಬ್ಬಕ್ಕೆ ಹಾಕಿ. ಅದೇ ಹೊತ್ತಿಗೆ ತುದಿ ಚಿವುಟಿ. ಪಕ್ಕದ ಕವಲು ಬರುತ್ತದೆ, ಕವಲಿಗೆ ತಕ್ಕ ಹೂ. ಇದಾದ ಮೇಲೆ ಗೊಬ್ಬರ ಬೇಡವೇ ಬೇಡ. ಹೇನು, ಹಿಟ್ಟು ತಿಗಣೆ ಬಂದರೆ ನೀರು ಜೋರಾಗಿ ಚಿಮುಕಿಸಿ ತೊಳೆಯಿರಿ, ಔಷಧಿ ಹೊಡೆಯಬೇಡಿ. ಬೇವಿನ ಎಣ್ಣೆಯನ್ನೂ ಹೂ ಬಿಟ್ಟ ಮೇಲೆ ಬೇಡ ಅನ್ನುತ್ತೇನೆ, ಯಾಕೆಂದರೆ ಆ ಹೂವಿಗೆ ಬರುವವರು ಬೇರೆ ಇದ್ದಾರೆ.

ಬೆಳಿಗ್ಗೆ ಎಂಟು ಗಂಟೆಗೆ ಒಂದು ಲೋಟ ಕಾಫಿ ಹಿಡಿದು ಆ ಡಬ್ಬದ ಪಕ್ಕ ಹತ್ತು ನಿಮಿಷ ಕೂರಿ. ತುಡುವೆ ಜೇನು ಬರುತ್ತದೆ, ಕೋಲು ಜೇನು ಬರುತ್ತದೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ, ಗೂಡು ಕಟ್ಟಿ ಗುಂಪಾಗಿ ಬದುಕದ ಒಂಟಿ ಜೇನೂ ಬರುತ್ತದೆ. ಅದು ಹೂವಿನ ಕೆಳತುಟಿಯ ಮೇಲೆ ಇಳಿದು ತಲೆ ಒಳಗೆ ತೂರಿಸಿದ ಕೂಡಲೇ ಮೇಲಿನ ಟೊಪ್ಪಿಯೊಳಗೆ ಅಡಗಿರುವ ನಾಲ್ಕು ಕೇಸರಗಳು ಅದರ ತಲೆ, ಬೆನ್ನಿಗೆ ಪರಾಗ ಸವರುತ್ತವೆ. ಮುಂದಿನ ಹೂವಿಗೆ ಹೋದಾಗ ಅದೇ ಜಾಗ ಅಲ್ಲಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ತಾಗುತ್ತದೆ. ಇಷ್ಟು ಪುಟ್ಟ ಹೂವಿನಲ್ಲಿ ಇಷ್ಟು ಅಚ್ಚುಕಟ್ಟು. ನಾವು ಚಿಕ್ಕವರಿದ್ದಾಗ ಆ ಹೂ ಕಿತ್ತು ಬುಡವನ್ನು ಚೀಪುತ್ತಿದ್ದೆವು, ಒಂದು ಹನಿ ಸಿಹಿ ಸಿಗುತ್ತಿತ್ತು. ಜೇನು ಬರುವುದು ಆ ಹನಿಗೆ.

ಇದರಿಂದ ನಿಮಗೊಂದು ಕೆಲಸವೂ ಇದೆ. ತುಂಬೆಯ ಕೇಸರಗಳು ದಳದ ಕೊಳವೆಗೇ ಅಂಟಿಕೊಂಡಿರುತ್ತವೆ. ಪೂಜೆಗೆ ಅಂತ ನಸುಕಿನಲ್ಲೇ ಹೂ ಬಿಡಿಸಿದರೆ ಪರಾಗವೂ ಅದರ ಜೊತೆ ಹೋಗುತ್ತದೆ, ಎಷ್ಟೋ ಸಲ ಪರಾಗ ಹಿಡಿಯುವ ತುದಿ ಇರುವ ಶಲಾಕೆಯೂ ಕಿತ್ತು ಬರುತ್ತದೆ. ಜೇನು ಬರುವ ಮುಂಚೆಯೇ ಕಿತ್ತ ಹೂವಿನ ಜಾಗದಲ್ಲಿ ಬೀಜ ಕಟ್ಟುವುದು ಕಷ್ಟ. ಹಬ್ಬದ ಹುಮ್ಮಸ್ಸಿನಲ್ಲಿ ಎಲ್ಲ ಗಿಡದ ಎಲ್ಲ ಹೂ ಬಿಡಿಸಿದರೆ ಮುಂದಿನ ವರ್ಷ ಮತ್ತೆ ಕನಕಪುರ ರಸ್ತೆಗೇ ಹೋಗಬೇಕಾಗುತ್ತದೆ. ಜೇನು ಬಂದು ಹೋದ ಮೇಲೆ ಉದುರಿದ್ದನ್ನು ಆಯ್ದುಕೊಳ್ಳೋಣ ಅಂದರೆ ಅತ್ತೆ ಒಪ್ಪುವುದಿಲ್ಲ, ನೆಲಕ್ಕೆ ಬಿದ್ದ ಹೂ ದೇವರಿಗೆ ಆಗುವುದಿಲ್ಲ, ಆ ವಿನಾಯಿತಿ ಪಾರಿಜಾತಕ್ಕೆ ಮಾತ್ರ. ಹಾಗಾಗಿ ಮೊದಲೇ ಎರಡು ಮೂರು ಗಟ್ಟಿ ಗಿಡಗಳಿಗೆ ಕೆಂಪು ದಾರ ಕಟ್ಟಿ. ದಾರ ಕಟ್ಟಿದ ಗಿಡದ ಹೂವನ್ನು ಯಾರೂ ಮುಟ್ಟುವ ಹಾಗಿಲ್ಲ.

ಆ ಗಿಡಗಳು ಒಣಗಲಿ. ನೋಡಲು ಚೆಂದ ಇರುವುದಿಲ್ಲ, ಎರಡು ಮೂರು ವಾರ ಕಂದು ಕಡ್ಡಿಗಳು ನಿಂತಿರುತ್ತವೆ, ಬಂದವರು ‘ನೀರು ಹಾಕಿಲ್ವಾ’ ಅಂತ ಕೇಳುತ್ತಾರೆ. ಕೇಳಲಿ. ಅರ್ಧ ಬೀಜ ಕವರಿಗೆ, ಅರ್ಧ ಅದೇ ಡಬ್ಬದ ಮಣ್ಣಿಗೆ. ಬೇಸಿಗೆ ಪೂರ್ತಿ ಆ ಡಬ್ಬಕ್ಕೆ ನೀರು ಹಾಕಬೇಡಿ, ಬೇರೆ ಏನೂ ನೆಡಬೇಡಿ, ಮಣ್ಣು ಅಗೆದು ತಿರುವಬೇಡಿ. ಬೀಜ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಮೇ ತಿಂಗಳ ಮಳೆಗೆ ಡಬ್ಬವನ್ನು ಬಯಲಿಗೆ ಸರಿಸಿ, ಅಷ್ಟೇ.

ತುಂಬೆ ಸೊಪ್ಪಿನ ರಸ ಶೀತಕ್ಕೆ ಒಳ್ಳೆಯದಾ ಅಂತ ಇನ್ನೊಬ್ಬ ಓದುಗರು ಕೇಳಿದ್ದಾರೆ. ಹಳ್ಳಿ ಮದ್ದಿನಲ್ಲಿ ಇದನ್ನು ಬಳಸುವುದು ನಿಜ. ನಾನು ಗಿಡ ಬೆಳೆಸುವವನು, ಮದ್ದು ಕೊಡುವವನಲ್ಲ. ಮಕ್ಕಳ ಮೂಗಿಗೆ ಯಾವ ರಸವನ್ನೂ ಹಿಂಡಬೇಡಿ, ವೈದ್ಯರನ್ನು ಕೇಳಿ.

ತುಂಬೆ ಒಗ್ಗಿದ ಮೇಲೆ ಅದರ ಪಕ್ಕದ ಡಬ್ಬದಲ್ಲಿ ಅಣ್ಣೆ ಸೊಪ್ಪು ಹಾಕಿ ನೋಡಿ, ಗುಲಾಬಿ ಬಿಳುಪಿನ ತೆನೆ ಬಿಡುತ್ತದೆ, ಎಳೆಯದಿದ್ದಾಗ ಬೆರಕೆ ಸೊಪ್ಪಿಗೂ ಆಗುತ್ತದೆ. ಬಿಸಿಲು ಕಡಿಮೆ ಇರುವ ಕಡೆ ಕರ್ಣಕುಂಡಲ. ಅದರ ಬಲಿತ ಕಾಯಿ ಮುಟ್ಟಿದ ಕೂಡಲೇ ಸಿಡಿದು ಬೀಜ ಎರಚುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬೀಜ ಸಂಗ್ರಹ ಅವರಿಗೇ ಬಿಡಿ. ಮೂರೂ ಒಂದೇ ಲೆಕ್ಕದ ಗಿಡಗಳು, ಒಂದು ಮಳೆಗಾಲಕ್ಕೆ ಮುಗಿಯುವಂಥವು.

ಎಷ್ಟು ಗಿಡ ಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದಾರ ಕಟ್ಟಿದ್ದನ್ನು ಬಿಟ್ಟು ಹದಿನೈದು ಗಿಡ ಇದ್ದರೆ ಹಬ್ಬದ ಬೆಳಿಗ್ಗೆ ಒಂದು ಬೊಗಸೆ ಹೂ ಸಿಗುತ್ತದೆ. ಮೊದಲ ವರ್ಷ ಅಷ್ಟು ಬರದೆ ಬರೀ ಹತ್ತು ಹೂ ಬಂದರೆ, ಆ ಹತ್ತನ್ನು ನಿಮ್ಮತ್ತೆಯ ಕೈಯಿಂದಲೇ ಬಿಡಿಸಿ. ಅವರಿಗೆ ಬುಡ ಹಿಡಿದು ಮೆಲ್ಲಗೆ ಎಳೆಯುವ ಆ ಹದ ಗೊತ್ತಿರುತ್ತದೆ, ನೀವು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತರೆ ಸಾಕು.